ಕ್ಯಾಂಪರ್‌ನಲ್ಲಿ ಪ್ರೊಪೇನ್ ಹೀಟರ್: ಮಲಗೋ ಮುಂಚೆ ಇಷ್ಟು ನೋಡಿ

ಅಮೆರಿಕದ ಯೆಲ್ಲೋಸ್ಟೋನ್‌ಗೆ ಕ್ಯಾಂಪರ್‌ನಲ್ಲಿ ಹೊರಟಿದ್ದೀರಾ? ಅಲ್ಲಿ ಸೆಪ್ಟೆಂಬರ್‌ನಲ್ಲೇ ರಾತ್ರಿ ನೀರು ಹೆಪ್ಪುಗಟ್ಟೋ ಚಳಿ. ಹೀಟರ್ ಹಚ್ಚಿ, ಆದರೆ ಎರಡು ಅಪಾಯ ಗೊತ್ತಿರಲಿ.

ಒಂದು, ಸೋರಿಕೆ. ಪ್ರೊಪೇನ್ ಗಾಳಿಗಿಂತ ಸುಮಾರು 1.5 ಪಟ್ಟು ಭಾರ, ನೆಲದ ಮಟ್ಟದಲ್ಲೇ ತುಂಬ್ಕೊಳ್ಳುತ್ತೆ. ಅದಕ್ಕೇ ಗ್ಯಾಸ್ ಅಲಾರಂ ಪಾದದ ಹತ್ತಿರ ಇರುತ್ತೆ. ಅದರ ಮುಂದೆ ಬ್ಯಾಗ್ ಒಟ್ಟಬೇಡಿ. ಕೊಳೆತ ಮೊಟ್ಟೆ ವಾಸನೆ ಬಂತಾ? ಸ್ವಿಚ್ ಮುಟ್ಟದೆ ಎಲ್ಲರೂ ಹೊರಗೆ ಬನ್ನಿ, ಸಿಲಿಂಡರ್ ವಾಲ್ವ್ ಬಂದ್ ಮಾಡಿ.

ಎರಡು, ಕಾರ್ಬನ್ ಮಾನಾಕ್ಸೈಡ್. ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲೇ ಜೀವ ತೆಗೆಯುತ್ತೆ. ಕ್ಯಾಂಪರ್‌ನಲ್ಲೇ ಜೋಡಿಸಿರೋ ಹೀಟರ್, ಅಂದ್ರೆ ಫರ್ನೇಸ್‌ನ ಹೊಗೆ ಹೊರಹೋಗೋ ಬಾಯಿಗೆ ಹಿಮ ಮುಚ್ಚಿದ್ರೆ ತೆಗೆಯಿರಿ. ಪೋರ್ಟಬಲ್ ಹೀಟರ್ ಆದರೆ ಕಿಟಕಿ ಚೂರು ತೆರೆದಿಡಿ, ಮಲಗೋ ಮುಂಚೆ ಆರಿಸಿ. ಬೆಚ್ಚಗಾಗಲಿ ಅಂತ ಸ್ಟೌವ್ ಹಚ್ಚಲೇಬೇಡಿ.

ಕೊನೆಗೆ, ಕಾರ್ಬನ್ ಮಾನಾಕ್ಸೈಡ್ ಅಲಾರಂನ ಟೆಸ್ಟ್ ಬಟನ್ ಒತ್ತಿ. ಸದ್ದು ಬರಲಿಲ್ವಾ? ಆ ರಾತ್ರಿ ಹೀಟರ್ ಬೇಡ, ಇನ್ನೊಂದು ಕಂಬಳಿ ಹೊದ್ಕೊಳ್ಳಿ.