ಅಂಗಮರ್ದನ ಚಿಕಿತ್ಸೆ

ಅಂಗಮರ್ದನ ಚಿಕಿತ್ಸೆಯು ಕೈಗಳಿಂದ ದೇಹವನ್ನು ನೀವಿ, ಒತ್ತಿ, ಉಜ್ಜಿ ನೋವನ್ನು ಶಮನಗೊಳಿಸುವ ಹಾಗೂ ಚಲನೆಯನ್ನು ಸುಗಮಗೊಳಿಸುವ ಚಿಕಿತ್ಸಾಕ್ರಮವಾಗಿದೆ. ಆಡುಮಾತಿನಲ್ಲಿ ಇದಕ್ಕೆ ಮಾಲೀಸು ಎನ್ನುತ್ತಾರೆ. ಆಯುರ್ವೇದದ ಅಭ್ಯಂಗ, ಗರಡಿಮನೆಯ ಮಾಲೀಸು, ಪ್ರಕೃತಿ ಚಿಕಿತ್ಸೆಯ ಮರ್ದನ ಹಾಗೂ ಭೌತಚಿಕಿತ್ಸೆ ಅಥವಾ ಫಿಸಿಯೋಥೆರಪಿಯ ಹಸ್ತಕ್ರಿಯೆಗಳು ಇದರ ಮುಖ್ಯ ರೂಪಗಳು. ಶರೀರದೊಡನೆ ಮನಸ್ಸಿನ ನೆಮ್ಮದಿಯನ್ನೂ ಗಮನಿಸುವುದರಿಂದ ಇವುಗಳನ್ನು ಸಮಗ್ರ ಚಿಕಿತ್ಸೆಗಳೆಂದು ಕರೆಯುವುದುಂಟು.

ಇತಿಹಾಸ

ಚರಕಸಂಹಿತೆಯ ಸೂತ್ರಸ್ಥಾನವು ನಿತ್ಯ ಎಣ್ಣೆ ಹಚ್ಚಿಕೊಳ್ಳುವುದರ ಪ್ರಯೋಜನಗಳನ್ನು ವಿವರಿಸುತ್ತದೆ. ಕಲ್ಯಾಣ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಅರಸನ ಅಭ್ಯಂಗಸ್ನಾನ ಹಾಗೂ ಮಲ್ಲಕಾಳಗದ ವಿವರಗಳಿವೆ. ಇಂದಿನ ಗದಗ, ಲಕ್ಕುಂಡಿಗಳು ಆ ಮನೆತನದ ಆಳ್ವಿಕೆಗೆ ಒಳಪಟ್ಟಿದ್ದವು.

ಆಧುನಿಕ ಭೌತಚಿಕಿತ್ಸೆಯ ಮೂಲದಲ್ಲಿಯೂ ಮರ್ದನವಿದೆ. ಸ್ವೀಡನ್ನಿನ ಪೆರ್ ಹೆನ್ರಿಕ್ ಲಿಂಗ್ 1813ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಅಂಗಸಾಧನೆಯ ಸಂಸ್ಥೆಯನ್ನು ಆರಂಭಿಸಿದನು. 1894ರಲ್ಲಿ ಬ್ರಿಟನ್ನಿನ ನಾಲ್ವರು ದಾದಿಯರು ತರಬೇತಿ ಪಡೆದ ಮರ್ದನಕಾರರ ಸಂಘವನ್ನು ಸ್ಥಾಪಿಸಿದರು; ಅದೇ ಮುಂದೆ ಆ ದೇಶದ ಭೌತಚಿಕಿತ್ಸಕರ ಸಂಘವಾಗಿ ಬೆಳೆಯಿತು.

ಉತ್ತರ ಕರ್ನಾಟಕದ ರೂಢಿ

ಗದಗ ಜಿಲ್ಲೆಯನ್ನೊಳಗೊಂಡ ಉತ್ತರ ಕರ್ನಾಟಕದಲ್ಲಿ ಗರಡಿಮನೆಯ ಪೈಲ್ವಾನರು ಸಾಮು ಮುಗಿದ ನಂತರ ಒಬ್ಬರಿಗೊಬ್ಬರು ಮಾಲೀಸು ಮಾಡುವ ರೂಢಿಯಿದೆ. ಉಳುಕು ತೆಗೆಯುವುದು, ಬಾಣಂತಿ ಹಾಗೂ ಕೂಸಿಗೆ ಎಣ್ಣೆ ಹಚ್ಚಿ ಎರೆಯುವುದು ಮನೆಮನೆಯ ಪದ್ಧತಿಗಳು.

ಕಾರ್ಯವಿಧಾನ

ನೀವುವುದು, ಹಿಸುಕುವುದು, ಉಜ್ಜುವುದು, ತಟ್ಟುವುದು ಮತ್ತು ಕಂಪಿಸುವುದು ಎಂಬ ಐದು ಮುಖ್ಯ ಕ್ರಿಯೆಗಳಿವೆ. ಸ್ನಾಯುಗಳನ್ನು ಆವರಿಸಿರುವ ಪೊರೆಯನ್ನು ನಿಧಾನವಾಗಿ ಒತ್ತಿ ಸಡಿಲಿಸುವ ವಿಧಾನವೂ ಬಳಕೆಯಲ್ಲಿದೆ. ಸ್ಪರ್ಶದ ಸಂವೇದನೆಯು ಬೆನ್ನುಹುರಿಯಲ್ಲಿ ನೋವಿನ ಸಂದೇಶವನ್ನು ತಡೆಯಬಲ್ಲುದೆಂದು ಮೆಲ್ಜಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು 1965ರಲ್ಲಿ ಪ್ರತಿಪಾದಿಸಿದರು.

ಪರಿಣಾಮ ಮತ್ತು ಮಿತಿ

ಸೊಂಟನೋವಿಗೆ ಮರ್ದನದ ಉಪಯೋಗವನ್ನು ಕುರಿತು 25 ಪ್ರಯೋಗಗಳನ್ನು ಪರಿಶೀಲಿಸಿದ 2015ರ ಕಾಕ್ರೇನ್ ಪರಾಮರ್ಶೆಯು ಅಲ್ಪಕಾಲದ ಉಪಶಮನವನ್ನು ಗುರುತಿಸಿತಾದರೂ ಆಧಾರಗಳು ದುರ್ಬಲವೆಂದು ಅಭಿಪ್ರಾಯಪಟ್ಟಿತು. ಆದ್ದರಿಂದ ಭೌತಚಿಕಿತ್ಸೆಯಲ್ಲಿ ಮರ್ದನವು ವ್ಯಾಯಾಮಕ್ಕೆ ಪೂರ್ವಸಿದ್ಧತೆಯೇ ಹೊರತು ಅದರ ಬದಲಿಯಲ್ಲ. ನೋವು ತಗ್ಗಿದ ಅವಧಿಯಲ್ಲಿ ರೋಗಿಯು ತಾನೇ ಅಂಗವನ್ನು ಚಲಿಸಿ ಬಲಪಡಿಸಿಕೊಂಡಾಗ ಮಾತ್ರ ಚೇತರಿಕೆ ಬಹುಕಾಲ ನಿಲ್ಲುತ್ತದೆ. ರೋಗಿಯ ಒಪ್ಪಿಗೆ ಪಡೆದು, ನೋವಿನ ಮಿತಿಯನ್ನು ಕೇಳುತ್ತ ಮುಂದುವರಿಯುವುದು ಚಿಕಿತ್ಸಕರ ಕರ್ತವ್ಯವಾಗಿದೆ.

ಎಚ್ಚರಿಕೆಗಳು

ಮೂಳೆ ಮುರಿತ, ತೆರೆದ ಗಾಯ, ಜ್ವರ, ಚರ್ಮದ ಸೋಂಕು ಅಥವಾ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವಿರುವಾಗ ಆ ಭಾಗಕ್ಕೆ ಮರ್ದನ ಸಲ್ಲದು. ಹೆಪ್ಪು ಕಳಚಿ ಶ್ವಾಸಕೋಶ ಸೇರಿದರೆ ಪ್ರಾಣಾಪಾಯವಾಗಬಹುದು. ಮುರಿದ ಮೂಳೆಗೆ ಬಿಗಿಯಾಗಿ ಪಟ್ಟಿ ಕಟ್ಟಿದರೆ ರಕ್ತಸಂಚಾರ ನಿಂತು ಅಂಗವೇ ಕೊಳೆಯುವ ಸಂಭವವಿದೆ. ಬೆನ್ನುನೋವಿನೊಡನೆ ಮಲಮೂತ್ರದ ಹಿಡಿತ ತಪ್ಪಿದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಆಡುಮಾತಿನಲ್ಲಿ ಲಕ್ವ ಎನಿಸುವ ಪಾರ್ಶ್ವವಾಯುವಿನ ವಿಷಯದಲ್ಲಿ ಈ ವಿವೇಚನೆ ಅತ್ಯಗತ್ಯ. ಬಾಯಿ ಸೊಟ್ಟಗಾಗುವುದು, ಒಂದು ಕೈ ಸೋಲುವುದು, ಮಾತು ತೊದಲುವುದು ಇದರ ಲಕ್ಷಣಗಳು. ಮಿದುಳಿನ ರಕ್ತನಾಳದ ಹೆಪ್ಪನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ನೀಡಬೇಕಾಗುತ್ತದೆ. ಆ ಅವಧಿಯನ್ನು ಎಣ್ಣೆ ತಿಕ್ಕುವುದರಲ್ಲಿ ಕಳೆದರೆ ಅವಕಾಶವೇ ಕೈತಪ್ಪುತ್ತದೆ. ಚೇತರಿಕೆಯ ಹಂತದಲ್ಲಿಯೂ ಸೋತ ಕೈಯನ್ನು ಹಿಡಿದು ಜಗ್ಗಿದರೆ ಭುಜದ ಕೀಲಿಗೆ ಪೆಟ್ಟಾಗುತ್ತದೆ.

ಶಿಕ್ಷಣ ಮತ್ತು ಸಂಸ್ಥೆಗಳು

ಗದಗ ನಗರದ ಸಮೀಪದ ಮಲ್ಲಸಮುದ್ರದಲ್ಲಿ 2015ರಲ್ಲಿ ಆರಂಭವಾದ ಗದಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯು ಜಿಲ್ಲೆಯ ಸರ್ಕಾರಿ ವೈದ್ಯಕೀಯ ಕಾಲೇಜಾಗಿದೆ. ಗದಗಿನಲ್ಲಿ ಡಿ.ಜಿ.ಎಂ. ಆಯುರ್ವೇದ ವೈದ್ಯಕೀಯ ಮಹಾವಿದ್ಯಾಲಯವೂ ಇದೆ. ದಕ್ಷಿಣ ಕನ್ನಡ ಜಿಲ್ಲೆಯ ಉಜಿರೆಯಲ್ಲಿ ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನದ ಪದವಿ ಶಿಕ್ಷಣ ದೊರೆಯುತ್ತದೆ. ಭೌತಚಿಕಿತ್ಸಕರೂ ಸೇರಿದಂತೆ ವಿವಿಧ ಆರೋಗ್ಯ ವೃತ್ತಿಪರರ ಶಿಕ್ಷಣ ಹಾಗೂ ನೋಂದಣಿಯ ನಿಯಂತ್ರಣಕ್ಕಾಗಿ ಸಂಸತ್ತು 2021ರಲ್ಲಿ ರಾಷ್ಟ್ರೀಯ ಆಯೋಗದ ಕಾಯ್ದೆಯನ್ನು ಅಂಗೀಕರಿಸಿತು.