ಮಳೆ ಬಂದರೂ ಹೊಳೆ ಬರಲಿಲ್ಲ

ಕಾವೇರಿ ನೀರು ಬರೋದಕ್ಕೆ ಮುಂಚೆ ಬೆಂಗಳೂರು ನಂಬಿಕೊಂಡಿದ್ದದ್ದು ಅರ್ಕಾವತಿಯನ್ನ. ನಂದಿಬೆಟ್ಟದ ಕಡೆ ಹುಟ್ಟುವ ಈ ನದಿಗೆ 1894ರಲ್ಲಿ ಹೆಸರಘಟ್ಟದಲ್ಲಿ, 1933ರಲ್ಲಿ ತಿಪ್ಪಗೊಂಡನಹಳ್ಳಿಯಲ್ಲಿ ಜಲಾಶಯ ಕಟ್ಟಿದರು. ಆಮೇಲಿನ ದಶಕಗಳಲ್ಲಿ ಒಳಹರಿವು ಸೊರಗುತ್ತಾ ಹೋಯಿತು. ಯಾಕೆ ಅಂತ ಕೇಳಿದರೆ ಸಿಗೋ ಉತ್ತರ ಒಂದೇ: "ಮಳೆ ಕಡಿಮೆ ಆಗಿದೆ." ಆದರೆ ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನದಿ ಒಣಗಿದ್ದಕ್ಕೆ ಮಳೆಯ ಇಳಿಕೆಯಾಗಲಿ, ತಾಪಮಾನದ ಏರಿಕೆಯಾಗಲಿ ಕಾರಣ ಅಲ್ಲ.

ಹಾಗಾದರೆ ನೀರು ಎಲ್ಲಿಗೆ ಹೋಯ್ತು? ಹೈಡ್ರಾಲಜಿ ಕ್ಲಾಸಿನ ಮೊದಲ ಸಮೀಕರಣ ನೆನಪಿಸಿಕೊಳ್ಳಿ: ಬಿದ್ದ ಮಳೆ ಅಂದರೆ ಆವಿಯಾದದ್ದು, ಹರಿದದ್ದು, ನೆಲದೊಳಗಿನ ಸಂಗ್ರಹದಲ್ಲಾದ ಬದಲಾವಣೆ, ಈ ಮೂರರ ಮೊತ್ತ. ಎಡಗಡೆ ಬದಲಾಗದೆ ಹರಿವು ಕಮ್ಮಿ ಆಗಿದೆ ಅಂದರೆ ಬಲಗಡೆ ಇನ್ಯಾವುದೋ ಬದಲಾಗಿರಲೇಬೇಕು. ಒಂದು ಕಡೆ ನೀಲಗಿರಿ ತೋಪುಗಳು. ರಾಗಿ ಬೆಳೆಯ ಬೇರು ಮುಟ್ಟದ ಆಳದಿಂದ, ಅದೂ ವರ್ಷವಿಡೀ, ನೀರು ಎಳೆದು ಗಾಳಿಗೆ ಬಿಡುವ ಮರ ಅದು. ಇನ್ನೊಂದು ಕಡೆ ಬೋರ್‌ವೆಲ್. ಇದೇ ಮುಖ್ಯ. ಅಂತರ್ಜಲ ಹೊಳೆಯ ತಳಕ್ಕಿಂತ ಮೇಲಿದ್ದಾಗ ಬೇಸಿಗೆಯಲ್ಲೂ ಹೊಳೆಗೆ ಜಿನುಗುತ್ತೆ. ಅದು ನೂರಾರು ಅಡಿ ಕೆಳಗಿಳಿದರೆ ದಿಕ್ಕೇ ತಿರುಗಿಬಿಡುತ್ತೆ: ಹೊಳೆಯೇ ನೆಲಕ್ಕೆ ಸೋರುತ್ತೆ.

ನಷ್ಟ ಎಷ್ಟು ದೊಡ್ಡದು ಅಂತ ಒಂದು ಲೆಕ್ಕ ಹಾಕೋಣ. ಒಂದು ಚದರ ಕಿಲೋಮೀಟರ್ ಮೇಲೆ 1 ಮಿಮೀ ನೀರು ಅಂದರೆ 10 ಲಕ್ಷ ಲೀಟರ್. ತಿಪ್ಪಗೊಂಡನಹಳ್ಳಿಯ ಜಲಾನಯನ ಸುಮಾರು 1,400 ಚದರ ಕಿಮೀ, ಅಂದರೆ ಪ್ರತಿ ಮಿಲಿಮೀಟರ್ ಹರಿವಿಗೆ 140 ಕೋಟಿ ಲೀಟರ್. ಕಾವೇರಿ ಯೋಜನೆಯ ಮೊದಲ ನಾಲ್ಕು ಹಂತಗಳು ಸೇರಿ ಬೆಂಗಳೂರಿಗೆ ದಿನಕ್ಕೆ ಕೊಡುತ್ತಿದ್ದದ್ದೂ ಹೆಚ್ಚುಕಡಿಮೆ ಇಷ್ಟೇ! ಅದನ್ನ ಸುಮಾರು 100 ಕಿಮೀ ದೂರದಿಂದ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಪಂಪ್ ಮಾಡಿ ತರಬೇಕು. ಕರೆಂಟ್ ಬಿಲ್ ನೀವೇ ಊಹಿಸಿ.

ಹಾಗಂತ ಹವಾಮಾನ ಬದಲಾವಣೆಯನ್ನ ಮರೆಯೋ ಹಾಗಿಲ್ಲ. ತಾಪಮಾನ ಒಂದು ಡಿಗ್ರಿ ಏರಿದರೆ ಗಾಳಿ ಸುಮಾರು 7% ಹೆಚ್ಚು ತೇವ ಹಿಡಿಯಬಲ್ಲದು. ಸುರಿದರೆ ಜೋರಾಗಿ ಸುರಿಯುತ್ತೆ. ಅಂಥ ಮಳೆ ಕಾಂಕ್ರೀಟಿನ ಮೇಲೆ ಬಿದ್ದರೆ ಇಂಗೋಕೆ ಪುರುಸೊತ್ತೇ ಸಿಗಲ್ಲ. 2022ರ ಸೆಪ್ಟೆಂಬರಿನಲ್ಲಿ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದ ಊರೇ 2024ರ ಮಾರ್ಚಿನಲ್ಲಿ ಟ್ಯಾಂಕರಿಗೆ ಕಾದು ನಿಂತಿತ್ತು.

ಹೊಸದಾಗಿ ನೀಲಗಿರಿ ನೆಡೋದನ್ನ ರಾಜ್ಯ ಸರ್ಕಾರ 2017ರಲ್ಲಿ ನಿಷೇಧಿಸಿತು. ಬೋರ್‌ವೆಲ್ ವಿಷಯ ಅಷ್ಟು ಸುಲಭ ಅಲ್ಲ. ಅಲ್ಲಿನ ರೈತನ ತರಕಾರಿ, ಹೂವು ಎಲ್ಲಾ ಅದರ ಮೇಲೇ ನಿಂತಿದೆ, ಅದನ್ನ ಕೊಂಡುಕೊಳ್ಳೋರು ನಾವೇ.