ಗಿಲಾವಿನ ಹಿಂದೆ ಮರೆಯಾದ ಡಬ್ಬಿ

ಹೊಸ ಮನೆಯ ಗೋಡೆಯಲ್ಲಿ ನಮ್ಮ ಕಣ್ಣಿಗೆ ಬೀಳುವುದು ಬಿಳಿಯ ಸ್ವಿಚ್ಚಿನ ಹಲಗೆ ಮಾತ್ರ. ಅದರ ಹಿಂದೆ ಗೋಡೆಯಲ್ಲಿ ಹುದುಗಿಸಿದ ಒಂದು ಡಬ್ಬಿಯುಂಟು. ತಗಡಿನದೋ ಪ್ಲಾಸ್ಟಿಕ್ಕಿನದೋ ಆದ ಈ ಡಬ್ಬಿಗೆ ಕೆಲಸಗಾರರು ‘ಬಾಕ್ಸು’ ಎನ್ನುತ್ತಾರೆ. ಗೋಡೆಯೊಳಗಿನ ಪೈಪುಗಳೆಲ್ಲ ಅದಕ್ಕೆ ಬಂದು ಸೇರುತ್ತವೆ. ವೈರುಗಳ ತುದಿಗಳೂ ಅಲ್ಲಿಯೇ ಇರುತ್ತವೆ. ಈ ಡಬ್ಬಿ ಗಾರೆಯ ಕೆಳಗೆ ಹೂತುಹೋದರೆ ಅಥವಾ ಗೋಡೆಯೊಳಗೆ ಬಹಳ ಆಳದಲ್ಲಿ ಉಳಿದರೆ ಆಗುವ ತೊಂದರೆಯೇನು, ಅದನ್ನು ವಿದ್ಯುತ್ ಕೆಲಸದವರು ಹೇಗೆ ಸರಿಪಡಿಸುತ್ತಾರೆ ಎಂಬುದೇ ಪ್ರಸ್ತುತ ಲೇಖನದ ವಿಷಯ.

ಬಿ.ಎ. ತರಗತಿಯ ವಿದ್ಯಾರ್ಥಿಗೆ ಈ ಗೊಡವೆ ಏಕೆಂದು ವಾಚಕ ಮಿತ್ರರು ಕೇಳಬಹುದು. ನನ್ನ ತಂದೆಯವರು ಮೂಡಿಗೆರೆಯ ಕಡೆ ಗಾರೆ ಕೆಲಸ ಮಾಡುವವರು. ಸೋದರಮಾವ ವೈರಿಂಗ್ ಕೆಲಸದವರು. ಇಬ್ಬರೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕುಳಿತಾಗ ಈ ವ್ಯಾಜ್ಯದ ಎರಡು ಪಕ್ಷಗಳ ವಾದವನ್ನೂ ಕೇಳುವ ಅವಕಾಶ ನನಗೆ ಬಾಲ್ಯದಿಂದಲೂ ದೊರೆತಿದೆ.

ಹಿಂದಿನ ಕಾಲದಲ್ಲಿ ಈ ಸಮಸ್ಯೆಯೇ ಇರಲಿಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರಲ್ಲಿ ಬೆಂಗಳೂರಿಗೆ ದೀಪ ಬಂತು. ಆಗಿನ ಮನೆಗಳಲ್ಲಿಯೂ, ಆ ಬಳಿಕ ಬಹುಕಾಲದವರೆಗೂ, ವೈರುಗಳು ಗೋಡೆಯ ಮೇಲೆಯೇ ಮರದ ಪಟ್ಟಿಯನ್ನು ಹಿಡಿದು ಸಾಗುತ್ತಿದ್ದವು. ಸ್ವಿಚ್ಚನ್ನು ಮರದ ದಿಮ್ಮಿಯ ಮೇಲೆ ಕೂರಿಸುತ್ತಿದ್ದರು. ಮಲೆನಾಡಿನ ಹಳೆಯ ಹೆಂಚಿನ ಮನೆಗಳಲ್ಲಿ ಇಂದಿಗೂ ಇಂಥವನ್ನು ಕಾಣಬಹುದು. ಜೇಡರ ಬಲೆ ಕಟ್ಟಿ ಅವು ಅಂದಗೆಟ್ಟಿರುವುದು ನಿಜ. ಆದರೆ ಯಾವ ವೈರು ಎಲ್ಲಿಂದ ಎಲ್ಲಿಗೆ ಹೋಯಿತೆಂದು ಮಗುವೂ ಬೆರಳಿಟ್ಟು ತೋರಿಸಬಲ್ಲದು. ಗೋಡೆಯನ್ನು ಕೊರೆದು ಪೈಪು ಹೂಳುವ ಪದ್ಧತಿ ಬಂದ ಮೇಲೆ ಅಂದ ಹೆಚ್ಚಿತು, ಕಾಣುವುದು ತಪ್ಪಿತು.

ಈಗ ಕೆಲಸದ ಕ್ರಮವನ್ನು ಗಮನಿಸೋಣ. ಗೋಡೆ ಕಟ್ಟಿದ ಮೇಲೆ ವೈರಿಂಗಿನವನು ಬಂದು ಇಟ್ಟಿಗೆಯನ್ನು ಕೊರೆದು ಪೈಪನ್ನೂ ಡಬ್ಬಿಯನ್ನೂ ಕೂರಿಸುತ್ತಾನೆ. ಆಮೇಲೆ ಗಾರೆಯವನು ಬಂದು ಗಿಲಾವು ಮಾಡುತ್ತಾನೆ. ಗಿಲಾವು ಒಣಗಿದ ತರುವಾಯ ವೈರು ಎಳೆಯುತ್ತಾರೆ. ಡಬ್ಬಿಯ ಬಾಯಿ ಗಿಲಾವಿನ ಮೈಗೆ ಸರಿಸಮನಾಗಿರಬೇಕು. ಆದರೆ ಡಬ್ಬಿ ಕೂರಿಸುವ ದಿನ ಆ ಮೈಯೇ ಹುಟ್ಟಿರುವುದಿಲ್ಲ! ನಾಳೆ ಇನ್ನೊಬ್ಬನು ಮಾಡಲಿರುವ ಗೋಡೆಯನ್ನು ಇಂದೇ ಊಹಿಸಿ ವೈರಿಂಗಿನವನು ಡಬ್ಬಿಯನ್ನು ಇಟ್ಟಿಗೆಯಿಂದ ಮುಂದಕ್ಕೆ ಇಡಬೇಕು. ಒಳಗೋಡೆಗೆ ಸಾಮಾನ್ಯವಾಗಿ 12ರಿಂದ 15 ಮಿಲಿಮೀಟರ್ ಗಿಲಾವು. ಇಟ್ಟಿಗೆಯ ಗೋಡೆ ನೆಟ್ಟಗಿದ್ದರೆ ಊಹೆ ಫಲಿಸುತ್ತದೆ. ಹಳೆಯ ಮಣ್ಣಿನ ಗೋಡೆಯೋ ಜಂಬಿಟ್ಟಿಗೆಯ ಗೋಡೆಯೋ ಆದರೆ ಉಬ್ಬುತಗ್ಗು ಹೆಚ್ಚು. ಮಟ್ಟಗೋಲು ಹಿಡಿದು ನೇರಮಾಡುವಾಗ ಒಂದು ಮೂಲೆಯಲ್ಲಿ ಅರ್ಧ ಅಂಗುಲ ಗಾರೆ ಸಾಕಾದರೆ ಇನ್ನೊಂದು ಮೂಲೆಯಲ್ಲಿ ಅದರ ಎರಡರಷ್ಟು ತುಂಬಬೇಕಾಗುತ್ತದೆ. ಡಬ್ಬಿ ಒಳಗುಳಿಯುವುದು ಇಂಥ ಕಡೆ.

ಇದರಲ್ಲಿ ತಪ್ಪು ಯಾರದು? ಗಾರೆಯವನು ಕಣ್ಣುಮುಚ್ಚಿ ಬಳಿದನೆಂದು ಮಾವ ಹೇಳುತ್ತಾರೆ. ಡಬ್ಬಿಯನ್ನು ಗೋಡೆಯ ಹೊಟ್ಟೆಗೆ ತುರುಕಿಟ್ಟರೆಂದು ತಂದೆಯವರು ಹೇಳುತ್ತಾರೆ. ನನಗೆ ತೋರುವ ಕಾರಣ ಬೇರೆ. ಗಿಲಾವಿನ ಗುತ್ತಿಗೆ ಚದರ ಅಡಿಯ ಲೆಕ್ಕದ್ದು. ವೈರಿಂಗಿನ ಗುತ್ತಿಗೆ ಬಹುಮಟ್ಟಿಗೆ ಪಾಯಿಂಟಿನ ಲೆಕ್ಕದ್ದು. ಡಬ್ಬಿಯ ಅಂಚನ್ನು ಬಿಡಿಸಿ ನಯಮಾಡಲು ಹಿಡಿಯುವ ಹೊತ್ತಿಗೆ ಈ ಎರಡು ಲೆಕ್ಕದಲ್ಲಿಯೂ ಕೂಲಿಯಿಲ್ಲ. ಕೂಲಿಯಿಲ್ಲದ ಕೆಲಸ ಇಬ್ಬರ ನಡುವೆ ಬಿದ್ದುಹೋಗುತ್ತದೆ.

ಹೊಸ ಮನೆಯಲ್ಲಿ ಡಬ್ಬಿ ಮುಚ್ಚಿಹೋದರೆ ಅದು ಬರಿಯ ಕಾಟ. ಪೈಪಿನಲ್ಲಿ ಇನ್ನೂ ವೈರಿಲ್ಲ. ಅಪಾಯವಿರುವುದು ದುರಸ್ತಿಯ ಮನೆಯಲ್ಲಿ. ಬೇಡವಾದ ಪ್ಲಗ್ಗನ್ನು ಕಿತ್ತು, ವೈರಿನ ತುದಿಗೆ ಟೇಪು ಸುತ್ತಿ, ಮೇಲೆ ಗಾರೆ ಬಳಿದುಬಿಡುವ ರೂಢಿಯೊಂದಿದೆ. ಒಳಗೆ 230 ವೋಲ್ಟ್ ಜೀವಂತವಾಗಿರುತ್ತದೆ. ಹೊರಗೆ ಸುಣ್ಣ ಬಣ್ಣ. ಮುಂದೊಂದು ದಿನ ಯಾರೋ ಕ್ಯಾಲೆಂಡರ್ ತೂಗುಹಾಕಲು ಅಲ್ಲಿಯೇ ಮೊಳೆ ಹೊಡೆಯುತ್ತಾರೆ. ವೈರಿನ ಹೊದಿಕೆ ನೆಟ್ಟಗಿದೆಯೇ ಎಂದು ಮೆಗ್ಗರ್ ಯಂತ್ರದಿಂದ ಮಾಡುವ ಪರೀಕ್ಷೆ ಇದನ್ನು ಹಿಡಿಯಲಾರದು. ಹೊದಿಕೆ ಸರಿಯಾಗಿದ್ದರೆ ಡಬ್ಬಿ ಹೂತಿದ್ದರೂ ಯಂತ್ರ ‘ಸರಿ’ ಎಂದೇ ತೋರಿಸುತ್ತದೆ.

ನಮ್ಮ ಸೀಮೆಗೆ ಇನ್ನೊಂದು ಕಷ್ಟವುಂಟು: ಮಳೆ. ಜೂನ್ ತಿಂಗಳಿಂದ ಮೂಡಿಗೆರೆ, ಕಳಸದ ಕಡೆ ಗೋಡೆಗಳು ತಿಂಗಳುಗಟ್ಟಲೆ ಹಸಿಯಾಗಿರುತ್ತವೆ. ಮಾಡಿನಿಂದ ಇಳಿದ ನೀರು ಪೈಪಿನೊಳಗೇ ಹರಿದು ಡಬ್ಬಿಯಲ್ಲಿ ನಿಲ್ಲುವುದುಂಟು. ಬಾಯಿ ತೆರೆದ ಡಬ್ಬಿಯಾದರೆ ಹಲಗೆ ಬಿಚ್ಚಿ ಒರೆಸಬಹುದು. ಹೂತ ಡಬ್ಬಿಯಲ್ಲಿ ಜೋಡಣೆ ನೆನೆದು, ತುಕ್ಕು ಹಿಡಿದು, ಗೋಡೆಯನ್ನು ಮುಟ್ಟಿದರೆ ಜುಮ್ಮೆನ್ನುವ ಸ್ಥಿತಿ ಬರುತ್ತದೆ. 30 ಮಿಲಿ ಆಂಪಿಯರ್ ಸೋರಿಕೆಗೆ ಕರೆಂಟು ಕಡಿಯುವ ಸ್ವಿಚ್ಚನ್ನು ಮುಖ್ಯ ಬೋರ್ಡಿನಲ್ಲಿ ಹಾಕಿಸಿದ್ದರೆ ಪ್ರಾಣ ಉಳಿದೀತು. ಆದರೆ ಅದು ಪದೇ ಪದೇ ಬೀಳುತ್ತದೆಂದು ಬೇಸತ್ತು ತೆಗೆಸಿಬಿಡುವವರನ್ನೂ ಕಂಡಿದ್ದೇನೆ.

ಮರೆಯಾದ ಡಬ್ಬಿಯನ್ನು ಹುಡುಕುವುದು ಒಂದು ವಿದ್ಯೆಯೇ ಸರಿ. ಮೊದಲು ಅಭ್ಯಾಸದ ಲೆಕ್ಕ: ಸ್ವಿಚ್ಚಿನ ಬೋರ್ಡು ನೆಲದಿಂದ ಸುಮಾರು ನಾಲ್ಕರಿಂದ ನಾಲ್ಕೂವರೆ ಅಡಿ, ಕೆಳಗಿನ ಪ್ಲಗ್ಗು ಸುಮಾರು ಒಂದಡಿ. ಆ ಎತ್ತರದಲ್ಲಿ ಸ್ಕ್ರೂಡ್ರೈವರಿನ ಹಿಡಿಯಿಂದ ಗೋಡೆಯನ್ನು ಮೆಲ್ಲನೆ ತಟ್ಟುತ್ತ ಹೋಗುತ್ತಾರೆ. ಗಟ್ಟಿ ಗೋಡೆಯ ಸದ್ದೇ ಬೇರೆ, ಟೊಳ್ಳಿನ ಸದ್ದೇ ಬೇರೆ. ಹಲಸಿನ ಹಣ್ಣನ್ನು ತಟ್ಟಿ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತಗಡಿನ ಡಬ್ಬಿಯಾದರೆ ದಾರಕ್ಕೆ ಕಟ್ಟಿದ ಅಯಸ್ಕಾಂತವೂ ಸುಳಿವು ಕೊಡುತ್ತದೆ. ಪ್ಲಾಸ್ಟಿಕ್ಕಿನ ಡಬ್ಬಿಗೆ ಈ ಉಪಾಯ ನಡೆಯದು. ಎಲ್ಲಕ್ಕಿಂತ ನಂಬಿಕೆಯದು ವೈರು ಎಳೆಯುವ ಉಕ್ಕಿನ ಸ್ಪ್ರಿಂಗು. ಪೈಪಿನ ತೆರೆದ ತುದಿಯಿಂದ ಅದನ್ನು ನೂಕಿ, ಎಲ್ಲಿ ತಡೆಯಿತೋ ಅಲ್ಲಿ ಗುರುತು ಮಾಡಿ, ಹೊರಗೆಳೆದು ಗೋಡೆಯ ಮೇಲೆ ಅಳೆದರೆ ಡಬ್ಬಿ ಗೇಣಿನೊಳಗೆ ಸಿಕ್ಕುತ್ತದೆ. ವೈರಿರುವ ಪೈಪಾದರೆ ಮೇನ್ ಸ್ವಿಚ್ಚು ಆರಿಸದೆ ಸ್ಪ್ರಿಂಗನ್ನು ಮುಟ್ಟಲೇಬಾರದು.

ಒಡೆಯುವುದಕ್ಕೆ ಮೊದಲೂ ಮೇನ್ ಆರಿಸಿದೆಯೇ ಎಂದು ಮತ್ತೊಮ್ಮೆ ನೋಡಬೇಕು. ಮುಟ್ಟಿ ನೋಡುವ ಟೆಸ್ಟರಿನ ಪುಟ್ಟ ದೀಪ ಉರಿಯದ ಮಾತ್ರಕ್ಕೆ ಕರೆಂಟಿಲ್ಲವೆಂದು ನಂಬುವಂತಿಲ್ಲ; ಹೋಲ್ಡರಿಗೆ ಎರಡು ವೈರು ಕಟ್ಟಿದ ಬಲ್ಬನ್ನೋ ಮೀಟರನ್ನೋ ಹಿಡಿದು, ಅದು ಕೆಲಸ ಮಾಡುತ್ತದೆಂಬುದನ್ನು ಬೇರೊಂದು ಕಡೆ ಮೊದಲು ಖಚಿತಪಡಿಸಿಕೊಂಡು, ಆಮೇಲೆ ಇಲ್ಲಿ ನೋಡಬೇಕು. ಉಳಿಯನ್ನು ನಡುವಿನಲ್ಲಿಟ್ಟು ಸಣ್ಣ ತೂತು ಮಾಡಿ ಅಲ್ಲಿಂದ ಅಂಚಿನ ಕಡೆಗೆ ಬಿಡಿಸುತ್ತ ಹೋಗುವುದು ಕ್ರಮ. ಅಂಚಿಗೆ ನೇರವಾಗಿ ಹೊಡೆದರೆ ಡಬ್ಬಿ ನೆಗ್ಗುತ್ತದೆ, ಸುತ್ತಲಿನ ಗಿಲಾವೂ ಎದ್ದುಬರುತ್ತದೆ. ಒಳಗೆ ಸಿಮೆಂಟು ಗಟ್ಟಿಯಾಗಿದ್ದರೆ ಸ್ಕ್ರೂ ಹಿಡಿಯುವ ಕಿವಿಗಳನ್ನು ಒಂದೊಂದಾಗಿ ಶುಚಿಮಾಡಬೇಕು. ಅರ್ಧ ದಿನ ಇದರಲ್ಲೇ ಕಳೆಯುತ್ತದೆ.

ಆಳಕ್ಕಿಳಿದ ಡಬ್ಬಿಯದು ಬೇರೆ ಕಥೆ. ಅಡಿಗೆಮನೆಯ ಗೋಡೆಗೆ ಹೊಸದಾಗಿ ಟೈಲು ಹಚ್ಚಿಸಿದರೆ ಟೈಲೂ ಗಾರೆಯೂ ಸೇರಿ ಡಬ್ಬಿ 20 ಮಿಲಿಮೀಟರಿನಷ್ಟು ಹಿಂದೆ ಬೀಳುವುದು ಸಾಮಾನ್ಯ. ಆಗ ಉದ್ದನೆಯ ಸ್ಕ್ರೂ ಹಾಕಿ ಹಲಗೆಯನ್ನು ಎಳೆದು ಕೂರಿಸುತ್ತಾರೆ. ಸ್ವಲ್ಪ ಅಂತರಕ್ಕೆ ಇದು ನಡೆಯುತ್ತದೆ. ಅಂತರ ಹೆಚ್ಚಾದರೆ ಹಲಗೆಗೆ ಹಿಂದಿನಿಂದ ಆಸರೆಯಿರುವುದಿಲ್ಲ. ಮಿಕ್ಸಿಯ ಪ್ಲಗ್ಗನ್ನು ದಿನವೂ ಎಳೆಯುವಾಗ ಅದು ಅಲ್ಲಾಡಿ, ಹಿಂದಿನ ವೈರು ಸಡಿಲಗೊಂಡು, ಸಡಿಲಾದಲ್ಲಿ ಕಾವೇರಿ ಕರಕಾಗುತ್ತದೆ. ಸ್ಕ್ರೂ ತೀರ ಉದ್ದವಾದರೆ ತುದಿ ವೈರಿಗೇ ಚುಚ್ಚೀತು. ಡಬ್ಬಿಯ ಮುಂದೆ ಅದೇ ಅಳತೆಯ ಚೌಕಟ್ಟನ್ನು ಸೇರಿಸಿ ಬಾಯಿಯನ್ನು ಗೋಡೆಯ ಮೈಗೆ ತರುವುದು, ಅದಾಗದಿದ್ದರೆ ಡಬ್ಬಿಯನ್ನೇ ಕಿತ್ತು ಮುಂದಿಡುವುದು ಸರಿಯಾದ ದಾರಿ. ವೈರು ಗಿಡ್ಡವಾಗಿದ್ದರೆ ಎರಡೂ ಕಷ್ಟ. ಆದ್ದರಿಂದ ಬಲ್ಲವರು ಡಬ್ಬಿಯಲ್ಲಿ ಅರ್ಧ ಅಡಿ ವೈರನ್ನು ಮಡಿಸಿಟ್ಟಿರುತ್ತಾರೆ.

ಅಮೆರಿಕದಲ್ಲಿ ಮನೆಯ ಒಳಗೋಡೆ ನಮ್ಮ ಹಾಗಲ್ಲ. ಮರದ ಕಂಬಗಳಿಗೆ ಅರ್ಧ ಅಂಗುಲದ ಜಿಪ್ಸಮ್ ಹಲಗೆಯನ್ನು ಹೊಡೆಯುತ್ತಾರೆ. ಹಲಗೆಯ ದಪ್ಪ ಮೊದಲೇ ಗೊತ್ತಿರುವುದರಿಂದ ವೈರಿಂಗಿನವನು ಡಬ್ಬಿಯನ್ನು ಕಂಬದಿಂದ ಸರಿಯಾಗಿ ಅರ್ಧ ಅಂಗುಲ ಮುಂದಿಡಬಲ್ಲ. ಆದರೂ ಅಲ್ಲಿ ಹಲಗೆಯವರು ಡಬ್ಬಿಯ ಮೇಲೆ ಹಲಗೆ ಹೊಡೆದು ಹೋಗಿಬಿಡುತ್ತಾರಂತೆ! 1897ರಲ್ಲಿ ಮೊದಲು ಪ್ರಕಟವಾದ ಅವರ ವಿದ್ಯುತ್ ಸಂಹಿತೆಯ ಇಂದಿನ ನಿಯಮದಂತೆ, ಸುಡದ ಗೋಡೆಯಲ್ಲಿ ಡಬ್ಬಿ ಕಾಲಂಗುಲಕ್ಕಿಂತ ಹಿಂದೆ ಇರಕೂಡದು; ಮರದಂತೆ ಸುಡುವ ಗೋಡೆಯಲ್ಲಿ ಸ್ವಲ್ಪವೂ ಹಿಂದಿರಕೂಡದು. ಕಟ್ಟಡವನ್ನು ಒಡೆಯದೆ ಕೈಗೆ ಸಿಗದ ಜಾಗದಲ್ಲಿ ಡಬ್ಬಿಯನ್ನು ಇಡುವಂತೆಯೇ ಇಲ್ಲ. ಈಗ ಚಿಕ್ಕಮಗಳೂರಿನ ಅಂಗಡಿಗಳಲ್ಲಿಯೂ ಹೋಂಸ್ಟೇಗಳಲ್ಲಿಯೂ ಜಿಪ್ಸಮ್ ಹಲಗೆಯ ಒಳಮಾಡು ಕಾಣುತ್ತಿದೆ. ಅದರ ಮೇಲ್ಗಡೆ ಸೇರಿಹೋದ ಜೋಡಣೆಯ ಡಬ್ಬಿಗಳಿಗೆ ಈ ಕೊನೆಯ ನಿಯಮ ಚೆನ್ನಾಗಿ ಅನ್ವಯಿಸುತ್ತದೆ.

ಗಿಲಾವಿಗೆ ಮೊದಲು ಮಾಡಬೇಕಾದುದು ಸ್ವಲ್ಪವೇ. ಗಾರೆಯ ಮೇಸ್ತ್ರಿ ಮಟ್ಟಕ್ಕೆ ಇಡುವ ಗುರುತುಗಳನ್ನು ಮುಂಚೆಯೇ ಇಡಿಸಿಕೊಂಡು, ಒಂದರಿಂದ ಇನ್ನೊಂದಕ್ಕೆ ದಾರ ಹಿಡಿದು ಡಬ್ಬಿ ಕೂರಿಸಿದರೆ ಊಹೆಯ ಮಾತೇ ಇಲ್ಲ. ಡಬ್ಬಿಯೊಳಗೆ ಥರ್ಮೋಕೋಲನ್ನೋ ಒದ್ದೆ ಮಾಡಿದ ಹಳೆಯ ಪತ್ರಿಕೆಯನ್ನೋ ತುಂಬಬೇಕು. ಮೊಬೈಲ್ ಇಲ್ಲದವರು ಯಾರು? ಪ್ರತಿ ಗೋಡೆಗೂ ಅಳತೆಯ ಟೇಪು ಹಿಡಿದು ಒಂದೊಂದು ಚಿತ್ರ ತೆಗೆದಿಡಬಹುದು. ಇನ್ನು ಗಾರೆ ಬಳಿದ ದಿನವೇ, ಅದು ಹಸಿಯಾಗಿರುವಾಗ, ಡಬ್ಬಿಯ ಸುತ್ತ ಕರಣೆಯ ತುದಿಯನ್ನು ಆಡಿಸಿದರೆ ಅಂಚು ಬಿಟ್ಟುಕೊಳ್ಳುತ್ತದೆ. ಒಂದು ಡಬ್ಬಿಗೆ ಒಂದು ನಿಮಿಷವೂ ಬೇಡ. ಆ ನಿಮಿಷಕ್ಕೆ ಕೂಲಿ ಸೇರಿಸಿ ಗುತ್ತಿಗೆ ಮಾತಾಡಬೇಕಾದವರು ಮನೆ ಕಟ್ಟಿಸುವವರು.